ಕೆಲಸ ಬಿಡುವ ಮೊದಲು ಮಗನ ದಿನಚರಿ ಬರೆದು ನೋಡಿ

ಪ್ರಶ್ನೆ: ಮೇಡಂ, ನಮ್ಮದು ಕೋಲಾರ ತಾಲ್ಲೂಕು, ವೇಮಗಲ್ ಕಡೆ ಒಂದು ಹಳ್ಳಿ. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಮಗನಿಗೆ ಈಗ 13 ತಿಂಗಳು. ಹೆರಿಗೆ ರಜೆ ಮುಗಿದ ಮೇಲೆ ಅವನನ್ನು ಅತ್ತೆಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೇನೆ. ಒಂದು ವಾರ ಫಸ್ಟ್ ಶಿಫ್ಟ್, ಬೆಳಗ್ಗೆ 4.45ಕ್ಕೆ ಮನೆ ಬಿಟ್ಟರೆ ವಾಪಸ್ 3.15. ಇನ್ನೊಂದು ವಾರ ಸೆಕೆಂಡ್ ಶಿಫ್ಟ್, ಮಧ್ಯಾಹ್ನ 12.45ಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ 11 ದಾಟಿರುತ್ತದೆ. ನಮ್ಮ ಯಜಮಾನರಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬೆಳಗ್ಗೆ 7ಕ್ಕೆ ಹೋದವರು ರಾತ್ರಿ 8.30ರ ಮೇಲೆ ಬರುತ್ತಾರೆ. ಅತ್ತೆಗೆ 58 ವರ್ಷ, ಶುಗರ್ ಇದೆ, ಮಂಡಿನೋವು. ಎರಡು ಸೀಮೆಹಸು ಕಟ್ಟಿದ್ದಾರೆ. ಹೊತ್ತಾರೆ, ಸಾಯಂಕಾಲ ಹಾಲು ಕರೆದು ಡೈರಿಗೆ ಹಾಕಬೇಕು. ಆ ಹೊತ್ತಿನಲ್ಲಿ ಮಗನ ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಊಟ ಮಾಡುವುದೇ ಇಲ್ಲ ಅಂತ ದಿನಕ್ಕೆ ನಾಲ್ಕೈದು ಬಾಟಲಿ ಹಸುವಿನ ಹಾಲು ಕುಡಿಸುತ್ತಾರೆ. ಮಗ ಅಜ್ಜಿಯನ್ನೇ ‘ಅಮ್ಮ’ ಅನ್ನುತ್ತಾನೆ. ನಾನು ಬಂದು ಎತ್ತಿಕೊಂಡರೆ ಮುಖ ತಿರುಗಿಸುತ್ತಾನೆ. ಮನೆಯಲ್ಲಿ ತೆಲುಗು, ನಾನು ಕನ್ನಡ ಮಾತಾಡುತ್ತೇನೆ, ಅದಕ್ಕೇ ಅವನಿಗೆ ಮಾತು ಬರುತ್ತಿಲ್ಲ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಕೆಲಸ ಬಿಟ್ಟುಬಿಡಲೇ, ಕೋಲಾರದಲ್ಲಿ ಮನೆ ಮಾಡಿ ಪ್ಲೇ ಹೋಮ್‌ಗೆ ಹಾಕಲೇ ಎಂದು ತಿಳಿಯದೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಕೆಲಸ ಬಿಡಬೇಕೇ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ನಿಮ್ಮ ಕಾಗದದಲ್ಲಿ ಎಲ್ಲರ ಗಂಟೆಗಳ ಲೆಕ್ಕ ಇದೆ. ನಿಮ್ಮದು, ಯಜಮಾನರದು, ಹಸುಗಳದ್ದೂ ಇದೆ. ಮಗನದು ಮಾತ್ರ ಇಲ್ಲ. ಅವನು ಎಷ್ಟು ಹೊತ್ತಿಗೆ ಏಳುತ್ತಾನೆ, ಎದ್ದಾಗ ಕಣ್ಣೆದುರು ಯಾರಿರುತ್ತಾರೆ, ತಿಂಡಿ ತಿನ್ನಿಸುವವರು ಯಾರು, ಮಧ್ಯಾಹ್ನ ಎಲ್ಲಿ ಮಲಗುತ್ತಾನೆ, ಸಂಜೆ ಐದರಿಂದ ಏಳರವರೆಗೆ ಯಾರ ಕಣ್ಣಳತೆಯಲ್ಲಿ ಇರುತ್ತಾನೆ? ಫಸ್ಟ್ ಶಿಫ್ಟಿನ ಒಂದು ದಿನ, ಸೆಕೆಂಡ್ ಶಿಫ್ಟಿನ ಒಂದು ದಿನ ತೆಗೆದುಕೊಂಡು ಹಾಳೆಯಲ್ಲಿ ಗಂಟೆ ಗಂಟೆಗೂ ಬರೆಯಿರಿ.

ನೀವು ಹೇಳಿರುವಷ್ಟರಿಂದ ನಾನೇ ಬರೆದು ನೋಡಿದೆ. ಮಗ ದಿನವಿಡೀ ಅನಾಥನಾಗಿ ಬಿದ್ದಿಲ್ಲ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ, ಹೆತ್ತ ಮಗನಂತೆ ನೋಡಿಕೊಳ್ಳುವ ಅಜ್ಜಿ ಜೊತೆಗಿದ್ದಾರೆ. ತೊಂದರೆ ಇರುವುದು ಎರಡು ಹೊತ್ತಿನಲ್ಲಿ. ಒಂದು ಬೆಳಗ್ಗೆ 5.30ರಿಂದ 7. ಅತ್ತೆ ಕೊಟ್ಟಿಗೆಯಲ್ಲಿ, ಆಮೇಲೆ ಕ್ಯಾನ್ ಹಿಡಿದು ಡೈರಿ ಮುಂದೆ ಸಾಲಿನಲ್ಲಿ. ನಿಮ್ಮ ಯಜಮಾನರು ಮನೆಯಲ್ಲೇ ಇದ್ದರೂ ಹೊರಡುವ ಗಡಿಬಿಡಿಯಲ್ಲಿ. ಇನ್ನೊಂದು, ಸೆಕೆಂಡ್ ಶಿಫ್ಟ್ ವಾರದಲ್ಲಿ ಸಂಜೆ 5ರಿಂದ 7. ಆಗಲೂ ಅತ್ತೆ ಕೊಟ್ಟಿಗೆಯಲ್ಲೇ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನೀವು ಕೆಲಸ ಬಿಡಬೇಕೋ ಬೇಡವೋ ಎಂದು ಒದ್ದಾಡುತ್ತಿರುವುದು ಹೆಚ್ಚೂಕಡಿಮೆ ಈ ಮೂರೂವರೆ ಗಂಟೆಗಾಗಿ. ಅದನ್ನು ಸರಿಮಾಡುವ ದಾರಿ ಹುಡುಕಿದರೆ ಉಳಿದದ್ದನ್ನು ಸಮಾಧಾನವಾಗಿ ಯೋಚಿಸಬಹುದು.

ಮೊದಲು ನಿಮ್ಮ ಮನಸ್ಸಿಗೆ ಚುಚ್ಚುತ್ತಿರುವ ವಿಷಯ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಕ್ಕಳಿಗೆ ತಮ್ಮವರು ಯಾರು, ಹೊರಗಿನವರು ಯಾರು ಎಂಬುದು ಗಟ್ಟಿಯಾಗುತ್ತದೆ. ತಮ್ಮವರು ಕಣ್ಮರೆಯಾದರೆ ಅಳುತ್ತಾರೆ. ಒಂದೂವರೆ ವರ್ಷದವರೆಗೂ ಇದು ಜೋರಾಗಿಯೇ ಇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಈ ‘ತಮ್ಮವರು’ ಒಬ್ಬರೇ ಆಗಿರಬೇಕು ಎಂಬ ನಿಯಮ ಮಗುವಿಗಿಲ್ಲ. ಅಮ್ಮ, ಅಜ್ಜಿ, ಅಪ್ಪ ಮೂವರನ್ನೂ ಅದು ಗಟ್ಟಿಯಾಗಿ ಹಚ್ಚಿಕೊಳ್ಳಬಲ್ಲದು. ಅಜ್ಜಿಯ ಮೇಲಿನ ಪ್ರೀತಿ ನಿಮ್ಮ ಪಾಲಿನಿಂದ ಕಿತ್ತುಕೊಂಡದ್ದಲ್ಲ. ಈ ವಯಸ್ಸಿನಲ್ಲಿ ‘ಅಮ್ಮ’ ಎನ್ನುವುದು ಅವನ ಬಾಯಿಗೆ ಸುಲಭವಾಗಿ ಬರುವ ಶಬ್ದ. ಹಸಿವಾದರೂ ಅಮ್ಮ, ಎತ್ತಿಕೋ ಎನ್ನಲೂ ಅಮ್ಮ, ಕೊಟ್ಟಿಗೆಯ ಕರು ಕಂಡರೂ ಅಮ್ಮ. ಅದರಲ್ಲಿ ತೀರ್ಪು ಹುಡುಕಬೇಡಿ.

ಮುಖ ತಿರುಗಿಸುವುದೂ ಅಷ್ಟೇ. ಹತ್ತು ಗಂಟೆ ಕಾಣದಿದ್ದವರು ಬಂದು ತಟ್ಟನೆ ಎತ್ತಿಕೊಂಡರೆ ಎಷ್ಟೋ ಮಕ್ಕಳು ಮುನಿಸು ತೋರಿಸುತ್ತವೆ. ಗುರುತಿಲ್ಲದವರ ಮೇಲೆ ಮಗು ಮುನಿಸಿಕೊಳ್ಳುವುದಿಲ್ಲ. ಬಂದ ತಕ್ಷಣ ಎತ್ತಲು ಹೋಗಬೇಡಿ. ಕೈಕಾಲು ತೊಳೆದು, ಕಾರ್ಖಾನೆ ಬಟ್ಟೆ ಬದಲಿಸಿ, ಅವನು ಆಡುತ್ತಿರುವ ಕಡೆ ನೆಲದ ಮೇಲೆ ಕುಳಿತುಕೊಳ್ಳಿ. ಲೋಟವೋ ಮುಚ್ಚಳವೋ ಅವನ ಕೈಲಿ ಏನಿದೆಯೋ ಅದರಲ್ಲೇ ಆಟಕ್ಕೆ ಸೇರಿಕೊಳ್ಳಿ. ಐದು ಹತ್ತು ನಿಮಿಷದಲ್ಲಿ ತಾನೇ ತೊಡೆ ಹತ್ತುತ್ತಾನೆ. ಆ ಅರ್ಧ ಗಂಟೆ ಪಾತ್ರೆ ತೊಳೆಯುವುದು, ಬಟ್ಟೆ ಮಡಿಸುವುದು, ಫೋನ್ ನೋಡುವುದು ಯಾವುದೂ ಬೇಡ. ಮನೆಯವರಿಗೂ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ “ಬಂದವಳು ಕೂತೇಬಿಟ್ಟಳು” ಎಂಬ ಮಾತು ಬರುತ್ತದೆ.

ಹೊರಡುವಾಗ ಕಳ್ಳತನದಲ್ಲಿ ಜಾರಿಕೊಳ್ಳುವ ಅಭ್ಯಾಸ ನಮ್ಮ ಕಡೆ ಬಹಳ. “ನೋಡಿದರೆ ಅಳ್ತಾನೆ, ಹಿತ್ತಲಿಂದ ಹೋಗಿಬಿಡು” ಎಂದು ಹಿರಿಯರೇ ಹೇಳಿಕೊಡುತ್ತಾರೆ. ಹೀಗೆ ಮಾಡಿದರೆ ನೀವು ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಎಂದು ಮಗು ಕಲಿಯುತ್ತದೆ. ಆಮೇಲೆ ನೀವು ಬಚ್ಚಲಿಗೆ ಹೋದರೂ ಬಾಗಿಲ ಹತ್ತಿರ ನಿಂತು ಅಳುತ್ತದೆ. ಸೆಕೆಂಡ್ ಶಿಫ್ಟ್ ದಿನ ಮಗನ ಎದುರೇ ಚಪ್ಪಲಿ ಹಾಕಿಕೊಂಡು, “ಅಮ್ಮ ಕೆಲಸಕ್ಕೆ ಹೋಗಿ ಬರ್ತೀನಿ” ಎಂದು ದಿನಾ ಅದೇ ಮಾತು ಹೇಳಿ ಟಾಟಾ ಮಾಡಿ ಹೊರಡಿ. ಅತ್ತರೂ ಎರಡು ನಿಮಿಷದಲ್ಲಿ ಅಜ್ಜಿ ಸಮಾಧಾನ ಮಾಡುತ್ತಾರೆ. ಫಸ್ಟ್ ಶಿಫ್ಟ್ ದಿನ ಅವನು ಮಲಗಿರುತ್ತಾನೆ, ಎಬ್ಬಿಸುವುದು ಬೇಡ. ಹಿಂದಿನ ರಾತ್ರಿ ಮಲಗಿಸುವಾಗ ಹೇಳಿ. ಅರ್ಥವಾಗುತ್ತದಾ ಎಂದು ಕೇಳಬೇಡಿ, ದಿನಾ ಕೇಳಿದ ಮಾತು ಅರ್ಥವಾಗುತ್ತಾ ಹೋಗುತ್ತದೆ.

ತೆಲುಗು ಕನ್ನಡದ ವಿಚಾರದಲ್ಲಿ ನೆರೆಹೊರೆಯವರ ಮಾತು ಬಿಟ್ಟುಬಿಡಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಅತ್ತ ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ತಲೆಮಾರಿನಿಂದ ಮನೆಯಲ್ಲೊಂದು ಶಾಲೆಯಲ್ಲೊಂದು ಭಾಷೆ ಕಲಿತೇ ಎಲ್ಲರೂ ಬೆಳೆದಿದ್ದಾರೆ. ಎರಡು ಭಾಷೆ ಕೇಳಿಸಿಕೊಂಡದ್ದರಿಂದ ಮಾತು ತಡವಾಗುವುದಿಲ್ಲ. ಅತ್ತೆ ತೆಲುಗಲ್ಲೇ ಆಡಿಸಲಿ, ನೀವು ಕನ್ನಡದಲ್ಲೇ ಮಾತಾಡಿ. ಮಾತು ತಡವಾಗುವುದು ಮಗುವಿನ ಜೊತೆ ಮಾತಾಡುವವರು ಕಡಿಮೆಯಾದಾಗ, ಅಥವಾ ಕಿವಿಯ ತೊಂದರೆ ಇದ್ದಾಗ. ನಿಮ್ಮ ಮಗ ‘ಅಮ್ಮ’ ಎನ್ನುತ್ತಿದ್ದಾನೆ. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ, ಟಾಟಾ ಮಾಡುತ್ತಾನೆಯೇ ನೋಡಿಕೊಳ್ಳಿ. ಇವು ಇದ್ದರೆ ಕಾಯಬಹುದು. 16 ತಿಂಗಳ ಹೊತ್ತಿಗೂ ಇವು ಕಾಣದಿದ್ದರೆ, ಅಥವಾ ಬಂದಿದ್ದ ಶಬ್ದ ನಿಂತುಹೋದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ, ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದ ವಿಷಯ ಆ ನಾಲ್ಕೈದು ಬಾಟಲಿ ಹಾಲು. ಹಸು ಕಟ್ಟಿದ ಮನೆಗಳಲ್ಲಿ ಇದು ಸಾಮಾನ್ಯ. ಹಾಲು ಕೈಗೆಟುಕುವಲ್ಲೇ ಇದೆ, ಮಗು ಬಾಟಲಿ ಕಂಡರೆ ಸುಮ್ಮನಾಗುತ್ತದೆ, ನೋಡಲು ಗುಂಡಗೆ ಬೆಳ್ಳಗೆ ಇರುತ್ತದೆ. ಆ ಬೆಳ್ಳಗೆ ಎಷ್ಟೋ ಸಲ ರಕ್ತಹೀನತೆಯ ಬಿಳುಪು. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹೊಟ್ಟೆ ಹಾಲಿನಲ್ಲೇ ತುಂಬಿಹೋದರೆ ಕಬ್ಬಿಣ ಸಿಗುವ ಊಟಕ್ಕೆ ಜಾಗ ಉಳಿಯುವುದಿಲ್ಲ. ಅಂದರೆ ಊಟ ಮಾಡದ್ದಕ್ಕೆ ಹಾಲು ಕೊಡುತ್ತಿರುವುದಲ್ಲ, ಹಾಲು ಕೊಡುತ್ತಿರುವುದರಿಂದ ಊಟ ಮಾಡುತ್ತಿಲ್ಲ. ರಕ್ತಹೀನತೆಯಿಂದ ಹಸಿವೂ ಕುಗ್ಗುತ್ತದೆ, ಮಗು ಕಿರಿಕಿರಿ ಮಾಡುತ್ತದೆ, ಕಲಿಯುವ ಚುರುಕು ತಗ್ಗುತ್ತದೆ.

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಎಲ್ಲ ಸೇರಿ ಅರ್ಧ ಲೀಟರ್ ಮೀರದಂತೆ ಹಸುವಿನ ಹಾಲು ಸಾಕು. ನೀವು ಎದೆಹಾಲು ಕೊಡುತ್ತಿದ್ದರೆ ಅಷ್ಟೂ ಬೇಕಿಲ್ಲ. ಕಾಯಿಸಿ ಆರಿಸಿ, ನೀರು ಬೆರೆಸದೆ, ಸಣ್ಣ ಸ್ಟೀಲ್ ಲೋಟದಲ್ಲಿ ಕುಡಿಸಿ. ಬಾಟಲಿ ಹಂತಹಂತವಾಗಿ ಬಿಡಿಸಿ, ಮೊದಲು ಹಗಲಿನದು, ಆಮೇಲೆ ಮಲಗುವಾಗಿನದು. ಹಾಲು ಊಟ ಆದ ಮೇಲೆ ಇರಲಿ, ಊಟಕ್ಕೆ ಮುಂಚೆ ಬೇಡ. ಮೂರು ನಾಲ್ಕು ದಿನ ಗಲಾಟೆ ಮಾಡುತ್ತಾನೆ, ಅತ್ತೆಯ ಕರುಳು ಚುರುಕ್ ಎನ್ನುತ್ತದೆ. ಹಾಗಾಗಿ ನೀವು ಫಸ್ಟ್ ಶಿಫ್ಟಿನಲ್ಲಿ ಇರುವ ವಾರ, ವಾರದ ರಜೆಗೆ ಅಂಟಿಕೊಂಡಂತೆ ಶುರುಮಾಡಿ. ಅತ್ತೆಯ ತಲೆಗೆ ಕಟ್ಟಬೇಡಿ.

ಅವನಿಗೆ ಈಗ ಬೇರೆ ಅಡುಗೆ ಬೇಕಿಲ್ಲ. ಮನೆಗೆ ಮಾಡಿದ ಮುದ್ದೆಯನ್ನು ಖಾರ ಹಾಕುವ ಮುಂಚೆ ತೆಗೆದಿಟ್ಟ ಬೇಳೆ ಸೊಪ್ಪಿನ ಸಾರಿನಲ್ಲಿ ಕಿವುಚಿ, ತುಪ್ಪ ಹಾಕಿ ತಿನ್ನಿಸಿ. ರಾಗಿ ಸರಿಯೂ ಒಳ್ಳೆಯದೇ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ಆದರೆ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಜೊತೆಗೆ ನಾಲ್ಕು ಹನಿ ನಿಂಬೆರಸವೋ ಟೊಮೆಟೊವೋ ಇರಲಿ. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ. ಟೀಯಲ್ಲಿ ಅದ್ದಿದ ಬಿಸ್ಕತ್ತು ನಿಲ್ಲಿಸಿ. ನೀವು ಅದರ ಬಗ್ಗೆ ಬರೆದಿಲ್ಲ, ಆದರೆ ಹಾಲು ಕರೆದು ಬಂದು ಅಜ್ಜಿ ಟೀ ಕುಡಿಯುವಾಗ ಮೊಮ್ಮಗನಿಗೂ ಒಂದು ತುಂಡು ಹೋಗದ ಮನೆ ನಾನು ಕಂಡಿಲ್ಲ. ಟೀ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಎಂಎಲ್ ಕೊಡುವ ಕಬ್ಬಿಣದ ಸಿರಪ್ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅದಕ್ಕೂ ಮುಂಚೆ ಒಂದು ಸಲ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ, ತೀರಾ ಕಡಿಮೆ ಇದ್ದರೆ ಆ ಡೋಸ್ ಸಾಲದು. ಇಡೀ ಕಡಲೆಕಾಯಿ ಬೀಜ ಮಾತ್ರ ಕೈಗೆ ಕೊಡಬೇಡಿ, ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಎದೆಹಾಲು ನಿಂತಿಲ್ಲವಾದರೆ ಮುಂದುವರಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎರಡು ವರ್ಷ ಮತ್ತು ಅದಕ್ಕೂ ಮೇಲೆ. ಶಿಫ್ಟಿಗೆ ಹೋಗುವ ಮುಂಚೆ, ಬಂದ ಮೇಲೆ, ರಾತ್ರಿ ಕೊಟ್ಟರೂ ಈ ವಯಸ್ಸಿಗೆ ಸಾಕು. ಕೆಲಸದ ನಡುವೆ ಎದೆ ಕಟ್ಟಿ ನೋವಾದರೆ ಹಿಂಡಿ ತೆಗೆಯಿರಿ, ಸಹಿಸಿಕೊಂಡು ಜ್ವರ ತಂದುಕೊಳ್ಳಬೇಡಿ. ಮಗುವಿಗೆ 15 ತಿಂಗಳು ತುಂಬುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಇನ್ನೆರಡು ವಿರಾಮ ಹಾಲೂಡಿಸುವುದಕ್ಕೆಂದು ಕೊಡಬೇಕೆಂಬುದು ಹೆರಿಗೆ ಸೌಲಭ್ಯ ಕಾನೂನಿನಲ್ಲೇ ಇದೆ. ನಿಮಗೆ ಇನ್ನೂ ಎರಡು ತಿಂಗಳು ಆ ಹಕ್ಕಿದೆ. ಸೂಪರ್‌ವೈಸರ್ ಹತ್ತಿರ ಕೇಳಿ, ಮುಜುಗರ ಬೇಡ.

ಇನ್ನು ಮೊಬೈಲ್. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಮನೆಯವರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುವುದು ಬೇರೆ. ಅತ್ತೆಗೆ ಇದನ್ನು ಹೇಳುವ ಮುಂಚೆ ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಿ. 58 ವರ್ಷ, ಮಂಡಿನೋವು, ಎರಡು ಹಸು, ಆಗಷ್ಟೇ ನಡೆಯಲು ಕಲಿಯುತ್ತಿರುವ ಮಗು. ಮೇವು ತರಬೇಕು, ಸಗಣಿ ಬಾಚಬೇಕು, ಹಸು ಸೊರೆ ಬಿಟ್ಟ ಹೊತ್ತಿಗೇ ಕರೆಯಬೇಕು, ಡೈರಿ ಬಾಗಿಲು ಹಾಕುವುದರೊಳಗೆ ಹೋಗಬೇಕು. ಆ ಹೊತ್ತಿನಲ್ಲಿ ಮಗು ಹಸುವಿನ ಕಾಲಡಿಗೆ ಬರದಂತೆ ಕಟ್ಟಿಹಾಕುವ ಹಗ್ಗ ಆ ಮೊಬೈಲ್. ಹಗ್ಗ ಬಿಚ್ಚಿ ಎಂದು ಹೇಳಿದರೆ ಸಾಲದು, ಆ ಒಂದೂವರೆ ಗಂಟೆ ಮಗುವನ್ನು ಹಿಡಿಯುವ ಇನ್ನೊಂದು ಕೈ ಕೊಡಬೇಕು. ಬೈದು ಮೊಬೈಲ್ ಕಿತ್ತಿಟ್ಟರೆ ಏನಾಗುತ್ತದೆ ಎಂದರೆ, ಮಗು ಕೊಟ್ಟಿಗೆಗೇ ಬರುತ್ತದೆ.

ಕೊಟ್ಟಿಗೆ, ಹಿತ್ತಲು ಎರಡೂ ಈಗ ಅಪಾಯದ ಜಾಗ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಂಪಿನ ಮುಚ್ಚಳಕ್ಕೆ ಬೀಗವೋ ಮೇಲೆ ಭಾರದ ಚಪ್ಪಡಿಯೋ ಇದೆಯೇ? ಹಸುವಿಗೆ ನೀರು ಕುಡಿಸುವ ತೊಟ್ಟಿ ನೆಲಮಟ್ಟದಲ್ಲಿದೆಯೇ? ಬಕೆಟ್‌ನಲ್ಲಿ ಗೇಣುದ್ದ ನೀರಿದ್ದರೂ ಈ ವಯಸ್ಸಿನ ಮಗು ತಲೆಕೆಳಗಾಗಿ ಬಿದ್ದರೆ ಏಳಲಾಗುವುದಿಲ್ಲ, ಕೂಗಲೂ ಆಗುವುದಿಲ್ಲ. ಮನೆ ಹೊಲದಲ್ಲೇ ಇದ್ದರೆ ಕೃಷಿ ಹೊಂಡಕ್ಕೆ ಬೇಲಿ ಇದೆಯೇ ನೋಡಿ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಮೇಲೆ ಕಾಲು ಜಾರಿದರೆ ದೊಡ್ಡವರೇ ಹತ್ತಿ ಬರಲಾರರು. ಮೇವು ಕತ್ತರಿಸುವ ಯಂತ್ರದ ಸ್ವಿಚ್ ಎತ್ತರದಲ್ಲಿರಲಿ, ಕೆಲಸವಿಲ್ಲದಾಗ ಪ್ಲಗ್ ಕಿತ್ತಿರಲಿ. ತೋಟಕ್ಕೆ ಹೊಡೆಯುವ ಔಷಧಿ, ಪೆಟ್ರೋಲ್, ಫಿನಾಯಿಲ್ ಯಾವುದನ್ನೂ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿಡಬೇಡಿ. ಇವೆಲ್ಲ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಆ ಭಾನುವಾರ ನಿಮ್ಮ ಯಜಮಾನರದು.

ಅವರ ಬಗ್ಗೆ ನಿಮ್ಮ ಕಾಗದದಲ್ಲಿ ಎರಡೇ ಸಾಲು ಇದೆ, ಯಾವಾಗ ಹೋಗುತ್ತಾರೆ ಯಾವಾಗ ಬರುತ್ತಾರೆ ಅಂತ. ದಿನಾ ಬೆಂಗಳೂರಿಗೆ ಓಡಾಡುವ ದಣಿವು ಎಂಥದು ಎಂದು ಕೋಲಾರದವರಿಗೆ ಹೇಳಿಕೊಡಬೇಕಿಲ್ಲ. ಆದರೂ ನಾನು ಬರೆದುಕೊಂಡ ಹಾಳೆಯ ಪ್ರಕಾರ ಬೆಳಗ್ಗೆ 5.30ರಿಂದ 7ರವರೆಗೆ ಮನೆಯೊಳಗೆ ಇರುವ ದೊಡ್ಡವರು ಅವರೊಬ್ಬರೇ. ಆ ಹೊತ್ತು ಅವರ ಪಾಲಿನದು ಎಂದು ತೀರ್ಮಾನವಾಗಬೇಕು. “ಸ್ವಲ್ಪ ನೋಡ್ಕೊಳ್ಳಿ” ಎಂಬ ಸಹಾಯದ ಲೆಕ್ಕದಲ್ಲಿ ಅಲ್ಲ, ನಿಮ್ಮ ಶಿಫ್ಟಿನಷ್ಟೇ ಖಾಯಂ ಆಗಿ. ಹಾಲು ಕರೆಯುವುದು ಅತ್ತೆಯೇ ಆಗಲಿ. ಆ ಹೊತ್ತಿಗೆ ಯಜಮಾನರು ಸ್ನಾನ ಮುಗಿಸಿ ಮಗುವಿನ ಹತ್ತಿರ ಇರಲಿ. ಕರೆದಾದ ಮೇಲೆ ಕ್ಯಾನ್ ಹಿಡಿದು ಬೈಕಿನಲ್ಲಿ ಡೈರಿಗೆ ಅವರೇ ಹೋಗಿ ಬರಲಿ, ಅತ್ತೆ ಕೈತೊಳೆದು ಮಗುವಿನ ಹತ್ತಿರ ಕೂರಲಿ. ಮಂಡಿನೋವಿನವರಿಗೆ ಕ್ಯಾನ್ ಹೊತ್ತು ನಡೆಯುವುದೂ ತಪ್ಪುತ್ತದೆ. ಬೆಳಗಿನ ತೂತು ಇದರಿಂದಲೇ ಮುಚ್ಚಿತು, ಖರ್ಚು ಒಂದು ರೂಪಾಯಿ ಇಲ್ಲ.

ಸಂಜೆಯದು ಇಷ್ಟು ಸಲೀಸಲ್ಲ. ಫಸ್ಟ್ ಶಿಫ್ಟ್ ವಾರ ನೀವೇ ಇರುತ್ತೀರಿ. 3.15ಕ್ಕೆ ಬಂದು ಮಗುವಿನ ಜೊತೆಗೇ ಒಂದು ಗಂಟೆ ಮಲಗಿ, ಆ ನಿದ್ದೆ ಇಬ್ಬರಿಗೂ ಬೇಕು. ಸೆಕೆಂಡ್ ಶಿಫ್ಟ್ ವಾರ 5ರಿಂದ 7ರವರೆಗೆ ಯಾರಾದರೂ ಬೇಕೇಬೇಕು. ಊರಲ್ಲೇ ನಂಬಿಕೆಯ ಹೆಂಗಸೊಬ್ಬರನ್ನು ಆ ಎರಡು ಗಂಟೆಗೆ ಗೊತ್ತುಮಾಡಿ, ತಿಂಗಳಿಗೆ ಇಷ್ಟು ಅಂತ ಮಾತಾಡಿ ಕೊಡಿ. ಬಿಟ್ಟಿ ಬೇಡ. ಬಿಟ್ಟಿ ಮಾಡುವವರು ಬರದ ದಿನ ಏಕೆ ಬರಲಿಲ್ಲ ಎಂದು ನೀವು ಕೇಳುವ ಹಾಗಿರುವುದಿಲ್ಲ. ತವರಿನ ಕಡೆಯಿಂದ ತಾಯಿಯೋ ಚಿಕ್ಕಮ್ಮನೋ ತಿಂಗಳಲ್ಲಿ ಒಂದು ವಾರ ಬಂದಿರಲು ಆಗುವುದಾದರೆ ಅದೂ ಆಗಬಹುದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದ್ದರಿಂದ ಎಷ್ಟೋ ಮನೆಗಳಲ್ಲಿ ಬಾಣಂತನ, ಮಕ್ಕಳ ಆರೈಕೆಗೆ ಅಜ್ಜಿಯರ ಓಡಾಟ ಸುಲಭವಾಗಿದೆ. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಇತ್ತೋ ಏನೋ, ನಮಗಂತೂ ಒಳ್ಳೆಯದೇ ಆಯಿತು.

ಒಂದು ಹಸು ಮಾರಿಬಿಡಿ ಎಂದು ಯಾರಾದರೂ ಸಲಹೆ ಕೊಡಬಹುದು. ಅದನ್ನು ನೀವಾಗಿ ಎತ್ತಬೇಡಿ. ಡೈರಿಯ ಬಟವಾಡೆ ಬಹುಶಃ ಅತ್ತೆಯ ಖಾತೆಗೇ ಬರುತ್ತದೆ. ಅದು ಅವರ ಸ್ವಂತ ದುಡಿಮೆ, ಮಾತ್ರೆಗೂ ಮನೆಗೂ ಯಾರನ್ನೂ ಕೇಳದೆ ಖರ್ಚುಮಾಡುವ ದುಡ್ಡು. ನಿಮ್ಮ ಕೆಲಸ ಉಳಿಸಲು ಅವರ ಕೆಲಸ ಬಿಡಿಸುವುದು ಯಾವ ನ್ಯಾಯ? ಅವರಾಗಿ “ಇನ್ನು ಒಂದೇ ಸಾಕು” ಎಂದರೆ ಬೇರೆ ಮಾತು. ಆಗ ಅವರಿಗೆ ಪ್ರತಿ ತಿಂಗಳು ನಿಮ್ಮಿಬ್ಬರ ಸಂಬಳದಿಂದ ಒಂದಿಷ್ಟು ಕೈಗೆ ಕೊಡಿ. ಶುಗರ್ ಇರುವವರು ಮಗುವಿನ ಹಿಂದೆ ಓಡಾಡುತ್ತಾ ಹೊತ್ತಿಗೆ ಸರಿಯಾಗಿ ಊಟ ಮಾಡದೆ ತಲೆಸುತ್ತಿ ಬೀಳುವುದುಂಟು. ಅವರ ತಿಂಡಿ, ಮಾತ್ರೆಯ ಹೊತ್ತನ್ನೂ ಆ ಹಾಳೆಯಲ್ಲಿ ಬರೆದುಕೊಳ್ಳಿ.

ಪ್ಲೇ ಹೋಮ್ ವಿಚಾರ. ಕೋಲಾರದಂಥ ಊರಲ್ಲಿ ಹೆಚ್ಚಿನ ಪ್ಲೇ ಹೋಮ್‌ಗಳು ಎರಡು, ಎರಡೂವರೆ ವರ್ಷದ ಮೇಲಿನ ಮಕ್ಕಳಿಗೆ, ಅದೂ ಹಗಲು ಹೊತ್ತಿಗೆ. ನಿಮ್ಮ ಶಿಫ್ಟು ಶುರುವಾಗುವಾಗ ಅವುಗಳ ಬಾಗಿಲು ತೆರೆದಿರುವುದಿಲ್ಲ, ಸೆಕೆಂಡ್ ಶಿಫ್ಟ್ ಮುಗಿಯುವ ಎಷ್ಟೋ ಹೊತ್ತಿಗೆ ಮುಂಚೆಯೇ ಮುಚ್ಚಿರುತ್ತವೆ. ಮನೆ ಬದಲಿಸಿ, ಬಾಡಿಗೆ ಕಟ್ಟಿ, ಅಜ್ಜಿಯಿಂದ ದೂರಮಾಡಿ, ಕೊನೆಗೂ ಆ ಎರಡು ಹೊತ್ತಿನ ತೂತು ಹಾಗೇ ಉಳಿಯುತ್ತದೆ. ಈಗ ಬೇಡ. ಎರಡೂವರೆ ವರ್ಷವಾದಾಗ ಅರ್ಧ ದಿನಕ್ಕೆ ಕಳಿಸುವ ಯೋಚನೆ ಮಾಡಿದರೆ, ಹೇಳದೆ ಕೇಳದೆ ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ನೋಡಿ. ಮಕ್ಕಳು ಏನು ಮಾಡುತ್ತಿದ್ದಾರೆ, ಟಿವಿ ಹಾಕಿ ಕೂರಿಸಿದ್ದಾರೆಯೇ, ಆಯಾ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ, ಬಟ್ಟೆ ಒದ್ದೆ ಮಾಡಿಕೊಂಡ ಮಗುವನ್ನು ಹೇಗೆ ಮಾತಾಡಿಸುತ್ತಾರೆ. ಪೋಷಕರು ಒಳಗೆ ಬರುವಂತಿಲ್ಲ ಎನ್ನುವ ಜಾಗಕ್ಕೆ ಎಷ್ಟೇ ಕ್ಯಾಮೆರಾ ಇದ್ದರೂ ಸೇರಿಸಬೇಡಿ.

ಕಾರ್ಖಾನೆಯಲ್ಲೇ ಶಿಶುಪಾಲನಾ ಕೇಂದ್ರ ಇದೆಯೇ ವಿಚಾರಿಸಿದ್ದೀರಾ? ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯ ನಂತರ 50 ಅಥವಾ ಹೆಚ್ಚು ನೌಕರರಿರುವ ಕಡೆ ಈ ಸೌಲಭ್ಯ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಲೇಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಮುಂದುವರಿದಿದೆ. ಆದರೆ ಇರುವುದನ್ನು ಇರುವಂತೆ ಹೇಳಬೇಕೆಂದರೆ, ಬೆಳಗಿನ ಜಾವ 4.45ರ ಚಳಿಯಲ್ಲಿ 13 ತಿಂಗಳ ಮಗುವನ್ನು ಕಂಪನಿ ಬಸ್ಸಿಗೆ ಹತ್ತಿಸುವುದು ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಕೇಂದ್ರದಿಂದ ಉಪಯೋಗ ಆಗಬೇಕಾದರೆ ಜನರಲ್ ಶಿಫ್ಟ್ ಬೇಕು. ಆದ್ದರಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಜನರಲ್ ಶಿಫ್ಟ್, ಅದಾಗದಿದ್ದರೆ ಫಸ್ಟ್ ಶಿಫ್ಟ್ ಮಾತ್ರ ಕೊಡಿ ಎಂದು ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ಜನರಲ್ ಶಿಫ್ಟನ್ನೇ ಕೊಡಬೇಕೆಂಬ ಕಾನೂನಿಲ್ಲ, ಅದು ಅವರ ಒಪ್ಪಿಗೆಗೆ ಬಿಟ್ಟದ್ದು. ಒಬ್ಬರೇ ಹೋಗುವುದಕ್ಕಿಂತ ಸಣ್ಣ ಮಕ್ಕಳಿರುವ ನಾಲ್ಕೈದು ಜನ ಸೇರಿ ಕೇಳಿದರೆ ಕೇಳಿಸಿಕೊಳ್ಳುತ್ತಾರೆ. ಸೆಕೆಂಡ್ ಶಿಫ್ಟನ್ನೇ ಇಷ್ಟಪಡುವ ಮದುವೆಯಾಗದ ಹುಡುಗಿಯರೂ ಲೈನಿನಲ್ಲಿ ಇರುತ್ತಾರೆ, ಬದಲಿ ಮಾಡಿಕೊಳ್ಳಲು ಬಿಡುತ್ತಾರೆಯೇ ಎಂದೂ ವಿಚಾರಿಸಿ.

ಊರಿನ ಕಡೆ ಬಂದರೆ, ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ನಿಮ್ಮ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಪಿಡಿಒ ಅವರನ್ನು ಕೇಳಿ, ಬಾಗಿಲು ದಿನಾ ತೆರೆಯುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿ. ಹಗಲು ಎರಡು ಮೂರು ಗಂಟೆ ಅಲ್ಲಿ ಬಿಟ್ಟರೂ ಅತ್ತೆಗೆ ಬೆನ್ನು ನೆಲಕ್ಕೆ ತಾಗಿಸಲು ಹೊತ್ತು ಸಿಗುತ್ತದೆ. ಅಂಗನವಾಡಿಯಲ್ಲಿ ಕೂರಿಸಿ ಕಲಿಸುವುದು ಮೂರು ವರ್ಷದ ಮೇಲೆ. ಆದರೆ ಮನೆಗೆ ಕೊಡುವ ಪೌಷ್ಟಿಕ ಆಹಾರ, ತಿಂಗಳ ತೂಕ ಈಗಲೂ ಉಂಟು. ತಪ್ಪಿಸಬೇಡಿ.

ಈಗ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ, ಮೇಲಿನ ಬದಲಾವಣೆಗಳನ್ನು ಮಾಡಿ ಮೂರು ತಿಂಗಳು ನೋಡದೆ ರಾಜೀನಾಮೆ ಕೊಡಬೇಡಿ. ನಾಲ್ಕು ವರ್ಷ ಆಗಿದೆ ಎನ್ನುತ್ತೀರಿ. ಕಾಯಂ ನೌಕರರಾಗಿದ್ದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿಗೆ, ಅಂದರೆ ಗ್ರಾಚ್ಯುಟಿಗೆ, ಐದು ವರ್ಷ ತುಂಬಬೇಕು, ಕೈಯಳತೆಯಲ್ಲಿ ಬಂದಿರುವುದನ್ನು ಸುಮ್ಮನೆ ಬಿಡುವುದೇಕೆ? ಸಂಬಳ 21,000 ರೂಪಾಯಿಯ ಮಿತಿಯೊಳಗಿದ್ದು ನೌಕರರ ರಾಜ್ಯ ವಿಮೆಯಾದ ಇಎಸ್‌ಐ ಕಟ್ಟುತ್ತಿದ್ದರೆ ಅದರಲ್ಲಿ ಮಗನ ಚಿಕಿತ್ಸೆಯೂ ಸೇರಿದೆ. ಮುಂದೆ ಎರಡನೆಯ ಮಗು ಬೇಕೆಂದರೆ 26 ವಾರದ ಹೆರಿಗೆ ಭತ್ಯೆಗೆ ಹಿಂದಿನ ಆರಾರು ತಿಂಗಳ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇರಬೇಕು. ಕೆಲಸ ಬಿಟ್ಟರೆ ಅದೂ ಹೋಯಿತು. ಎರಡು ವರ್ಷ ಬಿಟ್ಟು ವಾಪಸ್ ಬಂದರೆ ಮತ್ತೆ ಗುತ್ತಿಗೆಯಲ್ಲಿ ಮೊದಲಿನಿಂದ ಶುರುಮಾಡಬೇಕಾಗಬಹುದು. ಇದೆಲ್ಲ ಲೆಕ್ಕ ಹಾಕಿಯೂ ಬಿಡಬೇಕೆನಿಸಿದರೆ ಬಿಡಿ, ಅದೂ ತಪ್ಪಲ್ಲ. ಮಗುವಿಗೆ ಪದೇ ಪದೇ ಕಾಯಿಲೆ, ತೂಕ ಏರುತ್ತಿಲ್ಲ, ಅತ್ತೆಯ ಆರೋಗ್ಯ ಕೈಕೊಟ್ಟಿತು ಎಂಬಂಥ ಕಾರಣವಿದ್ದರೆ ನಾನೇ ಬಿಡಿ ಎನ್ನುತ್ತೇನೆ. ಅವನು ಮುಖ ತಿರುಗಿಸಿದ ಎಂಬುದು ಅಂಥ ಕಾರಣ ಅಲ್ಲ.

ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ವಾರ ವಾರ ಶಿಫ್ಟ್ ಬದಲಾದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ಅದಷ್ಟೇ ಆಗಿದ್ದರೆ ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ರಾತ್ರಿ ಫೋನ್ ದೂರವಿಟ್ಟು, ಬೆಳಗ್ಗೆ ಏಳರವರೆಗೆ ಯಾರೂ ಎಬ್ಬಿಸದಂತೆ ಹೇಳಿ ಮಲಗಿ. ಬೆಳಗಿನ ಹೊತ್ತು ಯಜಮಾನರದು ಎಂದು ಆಗಲೇ ತೀರ್ಮಾನವಾಯಿತಲ್ಲ. ಆದರೆ ಮಲಗಲು ಹೊತ್ತಿದ್ದರೂ ನಿದ್ದೆ ಹತ್ತದೆ, ಕಾರಣವಿಲ್ಲದೆ ಅಳು ಬಂದು, ಊಟ ಸೇರದೆ, ನಾನಿಲ್ಲದಿದ್ದರೇ ವಾಸಿ ಎಂಬ ಯೋಚನೆ ಸುಳಿಯುತ್ತಿದ್ದರೆ ಅದು ದಣಿವಲ್ಲ, ಖಿನ್ನತೆ. ಹೆರಿಗೆಯಾದ ಮೊದಲ ವರ್ಷದಲ್ಲಿ ಶುರುವಾಗಿ ಹಾಗೇ ಮುಂದುವರಿಯುವುದುಂಟು, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿಗೆ ತೋರಿಸಬಹುದು.

ಮಗನಿಗೆ 16 ತಿಂಗಳಾದಾಗ ದಡಾರ-ರುಬೆಲ್ಲಾ ಎರಡನೆಯ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಹಾಕಿಸಬೇಕು, ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಆ ದಿನ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಾಲಿನ ವಿಷಯ, ಮೊಬೈಲ್ ವಿಷಯ ಡಾಕ್ಟರ ಬಾಯಿಂದ ಬಂದರೆ ಸೊಸೆ ಹೇಳಿದ ಹಾಗೆ ಕೇಳಿಸುವುದಿಲ್ಲ. ಅವರ ಶುಗರ್ ಕೂಡ ಅಲ್ಲೇ ನೋಡಿಸಿಕೊಂಡು ಬನ್ನಿ. ಹಿಮೋಗ್ಲೋಬಿನ್‌ಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ಮಾಡಿಸಿ.